ಸ್ಪ್ಯಾನರ್ ಮೀಮಾಂಸೆ: ಗೃಹಸ್ಥನ ಕಾರು ರಿಪೇರಿಯ ಶಾಸ್ತ್ರೀಯ ವಿವೇಚನೆ

ಅನುಬಂಧ ಚತುಷ್ಟಯ

ಯಾವುದೇ ಶಾಸ್ತ್ರಗ್ರಂಥವು ತನ್ನನ್ನು ಓದಲು ಅರ್ಹರು ಯಾರು, ತಾನು ಹೇಳಹೊರಟ ವಿಷಯವೇನು, ಆ ವಿಷಯಕ್ಕೂ ಗ್ರಂಥಕ್ಕೂ ಇರುವ ಸಂಬಂಧವೆಂಥದು, ಓದಿದವನಿಗೆ ಕೊನೆಗೆ ದಕ್ಕುವ ಪ್ರಯೋಜನವಾದರೂ ಏನು ಎಂಬ ನಾಲ್ಕು ಪ್ರಶ್ನೆಗಳನ್ನು ಬಾಗಿಲಲ್ಲೇ ಬಗೆಹರಿಸಿಕೊಂಡು ಒಳಗೆ ಹೋಗಬೇಕೆಂಬುದು ಭಾರತೀಯ ಪರಂಪರೆಯ ನಿಯಮ. ಈ ನಾಲ್ಕನ್ನೂ ಒಟ್ಟಾಗಿ ಅನುಬಂಧ ಚತುಷ್ಟಯವೆಂದು ಕರೆಯಲಾಗುತ್ತದೆ. ಭಾನುವಾರ ಬೆಳಿಗ್ಗೆ ಹಳೆಯ ಬನಿಯನ್ ತೊಟ್ಟು ಮನೆಯ ಮುಂದೆ ತನ್ನ ಕಾರನ್ನು ತಾನೇ ಬಿಚ್ಚುವ ವಿದ್ಯೆಯೊಂದು ಮಾತ್ರ ಇಂಥ ಪೀಠಿಕೆಯ ಭಾಗ್ಯವಿಲ್ಲದೆ ಅನಾಥವಾಗಿ ಉಳಿದು, ಯೂಟ್ಯೂಬಿನ ಹತ್ತು ನಿಮಿಷದ ಉಪದೇಶಗಳ ಪಾಲಾಗಿರುವುದರಿಂದ, ಆ ಕೊರತೆಯನ್ನು ನೀಗುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಅಧಿಕಾರಿಯ ನಿರ್ಣಯ. ಇಲ್ಲಿ ಅಧಿಕಾರಿಯೆಂದರೆ ಸರ್ಕಾರಿ ಕುರ್ಚಿಯಲ್ಲಿ ಕೂತವನಲ್ಲ, ವಿದ್ಯೆಗೆ ಅರ್ಹನಾದವನು. ವೇದಾಂತವು ಈ ಅರ್ಹತೆಗೆ ವಿವೇಕ, ವೈರಾಗ್ಯ, ಶಮದಮಾದಿ ಆರು ಗುಣಗಳು ಮತ್ತು ಮುಮುಕ್ಷುತ್ವ ಎಂಬ ನಾಲ್ಕು ಸಾಧನಗಳನ್ನು ವಿಧಿಸಿದ್ದು, ಕಾರು ರಿಪೇರಿಗೂ ಅವು ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ ಒಗ್ಗುತ್ತವೆ. ವಿವೇಕವಿದ್ದವನು ನೇರವಾಗಿ ಗ್ಯಾರೇಜಿಗೆ ಹೋಗುವನಾದ್ದರಿಂದ ಅದನ್ನು ಪಟ್ಟಿಯಿಂದ ಕೈಬಿಡಬೇಕಾಗುತ್ತದೆ. ವೈರಾಗ್ಯವು ಬಟ್ಟೆಯ ವಿಷಯದಲ್ಲೂ ಮಧ್ಯಾಹ್ನದ ಊಟದ ವಿಷಯದಲ್ಲೂ ಅತ್ಯಗತ್ಯ. ಶಮದಮಗಳು, ಅಂದರೆ ಮನಸ್ಸಿನ ಮತ್ತು ಇಂದ್ರಿಯಗಳ ಹತೋಟಿ, ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣು ರೇಡಿಯೇಟರಿಗೆ ಬಡಿದ ಕ್ಷಣದಲ್ಲಿ ಪರೀಕ್ಷೆಗೊಳಗಾಗುತ್ತವೆ. ಆಗ ಬಾಯಿಂದ ಹೊರಡುವ ಮಾತಿನ ಧಾಟಿಯನ್ನು ಕೇಳಿ ಗೃಹಸ್ಥನ ಹುಟ್ಟೂರು ಯಾವ ಜಿಲ್ಲೆಯದೆಂದು ನಿಖರವಾಗಿ ಹೇಳಬಹುದು. ಮುಮುಕ್ಷುತ್ವವೆಂದರೆ ಬಿಡುಗಡೆಯ ಹಂಬಲ, ಇದು ನಟ್ಟಿಗೆ ಸಂಬಂಧಿಸಿದ್ದು. ಇವೆಲ್ಲದರ ಜೊತೆಗೆ ಲೌಕಿಕವಾದ ಇನ್ನೊಂದು ಅರ್ಹತೆಯೂ ಉಂಟು: ಕಾರಿನ ವಾರಂಟಿ ಮುಗಿದಿರಬೇಕು, ಸಾಲ ಮುಗಿದಿರಬಾರದು.

ಪ್ರಯೋಜನದ ವಿಷಯದಲ್ಲಿ ಪೂರ್ವಪಕ್ಷವೊಂದಿದೆ. ಪೂರ್ವಪಕ್ಷವೆಂದರೆ ಮುಂದೆ ಖಂಡಿಸುವುದಕ್ಕಾಗಿಯೇ ಮೊದಲು ಗೌರವದಿಂದ ಮಂಡಿಸುವ ಎದುರಾಳಿಯ ವಾದ. ಮನೆಯಲ್ಲೇ ರಿಪೇರಿ ಮಾಡಿಕೊಂಡರೆ ದುಡ್ಡು ಉಳಿಯುತ್ತದೆ ಎಂಬುದು ಆ ವಾದ. ಇದು ನಿಲ್ಲುವಂಥದಲ್ಲ. ಆಯಿಲ್ಲಿಗೂ ಫಿಲ್ಟರಿಗೂ ಎಲ್ಲಿ ಕೊಂಡರೂ ದುಡ್ಡು ಕೊಡಲೇಬೇಕಾದ್ದರಿಂದ ಉಳಿಯುವುದು ಕೆಲವು ನೂರು ರೂಪಾಯಿಗಳ ಲೇಬರ್ ಚಾರ್ಜು ಮಾತ್ರ. ಅದನ್ನು ಉಳಿಸಿಕೊಳ್ಳಲು ಬೇಕಾಗುವ ಜಾಕಿ, ಎರಡು ಸ್ಟ್ಯಾಂಡು, ಸಾಕೆಟ್ ಸೆಟ್ಟು, ಫಿಲ್ಟರ್ ತಿರುಗಿಸುವ ಪಟ್ಟಿ, ಹಳೆಯ ಆಯಿಲ್ ಹಿಡಿಯುವ ಅಗಲ ಬಾಯಿಯ ತಟ್ಟೆ ಇತ್ಯಾದಿಗಳ ಬಾಬ್ತು ಸಾವಿರಗಳಲ್ಲಿ ನಡೆಯುತ್ತದೆ. ವರ್ಷಕ್ಕೊಮ್ಮೆ ಆಯಿಲ್ ಬದಲಿಸುವ ಗೃಹಸ್ಥನ ಬಂಡವಾಳ ಕೈಗೆ ವಾಪಸು ಬರುವ ಹೊತ್ತಿಗೆ ಕಾರು ಗುಜರಿ ಸೇರಿರುತ್ತದೆ. ಆದ್ದರಿಂದ ಸಿದ್ಧಾಂತವಿದು: ಸಲಕರಣೆಯನ್ನು ಹೊಂದುವುದೇ ಪ್ರಯೋಜನ, ರಿಪೇರಿ ಅದಕ್ಕೊಂದು ನೆಪ. ಕೆಟ್ಟ ಭಾಗಕ್ಕೆ ಸ್ಪ್ಯಾನರ್ ಹುಡುಕುವವರು ಲೋಕದಲ್ಲಿ ವಿರಳ, ಕೊಂಡ ಸ್ಪ್ಯಾನರಿಗೆ ಕೆಟ್ಟ ಭಾಗ ಹುಡುಕುವವರೇ ಬಹಳ.

ಬೋಲ್ಟಿನ ಗೋತ್ರಪ್ರವರ

ಎಂಜಿನ್ನು, ಗೇರ್ ಬಾಕ್ಸು, ಕ್ಲಚ್ಚು ಎಂಬವು ಗೃಹಸ್ಥನ ಪಾಲಿಗೆ ಬರಿಯ ನಾಮರೂಪಗಳು. ಅವನ ಅನುಭವಕ್ಕೆ ನೇರವಾಗಿ ಒದಗುವ ಸದ್ವಸ್ತು ಬೋಲ್ಟೊಂದೇ. ಆರು ಮುಖದ ತಲೆ, ಸುರುಳಿ ಥ್ರೆಡ್ಡು ಕೊರೆದ ಮೈ, ಇವೆರಡೂ ಸೇರಿ ಬೋಲ್ಟು. ಹೊಸಬರು ಇಲ್ಲಿ ಎಡವುವುದೊಂದು ಸಂಗತಿಯಿದೆ. ಬೋಲ್ಟಿಗೆ ಹೆಸರಿಡುವುದು ಮೈಯ ದಪ್ಪದಿಂದ, ಸ್ಪ್ಯಾನರಿಗೆ ಹೆಸರಿಡುವುದು ಅದು ಕಚ್ಚುವ ತಲೆಯ ಎದುರುಬದುರು ಮುಖಗಳ ನಡುವಿನ ಅಂತರದಿಂದ. ಹೀಗಾಗಿ 6 ಮಿಲಿಮೀಟರ್ ದಪ್ಪದ ಬೋಲ್ಟನ್ನು, ಅಂದರೆ ಎಂ6 ಎಂದು ಕರೆಯಲಾಗುವುದನ್ನು, ಬಿಚ್ಚಲು 10 ನಂಬರ್ ಸ್ಪ್ಯಾನರ್ ಬೇಕು. ಎಂ8ಕ್ಕೆ ಜಪಾನೀ ಪದ್ಧತಿಯಲ್ಲಿ 12, ಯುರೋಪಿನ ಪದ್ಧತಿಯಲ್ಲಿ 13. ಎಂ10ಕ್ಕೆ ಜಪಾನಿಗರು 14 ಎಂದರೆ ಯುರೋಪಿನವರು ಕೆಲವೆಡೆ 16, ಕೆಲವೆಡೆ 17 ಎನ್ನುತ್ತಾರೆ. 1983ರ ಡಿಸೆಂಬರ್ 14ರಂದು ಮಾರುತಿ 800 ಹೊರಬಂದಾಗ ಸುಜುಕಿ ವಂಶದ ಆ ಮೂರು ಸಿಲಿಂಡರಿನ, 796 ಸಿಸಿಯ ಪುಟ್ಟ ಎಂಜಿನ್ನು ತನ್ನೊಂದಿಗೆ 10, 12, 14, 17 ಎಂಬ ಪರಂಪರೆಯನ್ನೇ ಹೊತ್ತುತಂದಿತು. ಇದರಿಂದ ಒಂದು ಅನುಮಾನಸೂತ್ರ ಸಿದ್ಧವಾಗುತ್ತದೆ: ಯಾವ ಮನೆಯ ಪೆಟ್ಟಿಗೆಯಲ್ಲಿ 12ರ ಸ್ಪ್ಯಾನರ್ ಸವೆದು 13ರದು ಹೊಳೆಯುತ್ತಿದೆಯೋ ಆ ಮನೆಯ ಕಾರು ಜಪಾನೀ ಅಥವಾ ಕೊರಿಯನ್ ಗೋತ್ರದ್ದು, 13 ಸವೆದು 12 ಹೊಳೆಯುತ್ತಿದ್ದರೆ ಜರ್ಮನ್ ಗೋತ್ರದ್ದು, ಎರಡೂ ಹೊಳೆಯುತ್ತಿದ್ದರೆ ಮನೆಯ ಯಜಮಾನ ಈ ಶಾಸ್ತ್ರವನ್ನು ಓದಿದ್ದಾನೆಯೇ ಹೊರತು ಆಚರಿಸಿಲ್ಲ.

ಮಾರುತಿಗಿಂತ ಹಿಂದಿನ ಯುಗದ ವಿಚಾರ ಇನ್ನಷ್ಟು ಜಟಿಲ. ಮಾರಿಸ್ ಆಕ್ಸ್‌ಫರ್ಡ್ ಎಂಬ ಬ್ರಿಟಿಷ್ ಕಾರಿನ ಅಚ್ಚಿನಲ್ಲಿ ಮೂಡಿ, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಅಂಬಾಸಿಡರಿನ ಹಳೆಯ ಮಾದರಿಗಳ ಬೋಲ್ಟುಗಳು ಇಂಚಿನ ಲೆಕ್ಕದವು. ದೇಶವು 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿ, ಸಂತೆಯ ಸೇರು ಮಣಗಳನ್ನೇ ಗಡೀಪಾರು ಮಾಡಿದ ಮೇಲೂ ಅಂಬಾಸಿಡರಿನ ಬಾನೆಟ್ಟಿನ ಕೆಳಗೆ ಇಂಚು ನಿರಾತಂಕವಾಗಿ ರಾಜ್ಯವಾಳಿತು. ಅರ್ಧ ಇಂಚೆಂದರೆ 12.7 ಮಿಲಿಮೀಟರ್. ಇದರ ಮೇಲೆ 12ರ ಸ್ಪ್ಯಾನರ್ ಕೂರುವುದೇ ಇಲ್ಲ, 13ರದು ಕೂತು ಕುಣಿಯುತ್ತದೆ, ಕುಣಿದು ಕುಣಿದು ಬೋಲ್ಟಿನ ಮೂಲೆಗಳನ್ನು ತಿನ್ನುತ್ತದೆ. ಮುಕ್ಕಾಲು ಇಂಚು ಮಾತ್ರ 19.05 ಮಿಲಿಮೀಟರ್ ಆಗುವುದರಿಂದ 19ರ ಸ್ಪ್ಯಾನರಿನೊಂದಿಗೆ ಹೊಂದಿಕೊಂಡು ಹೋಗುತ್ತದೆ. ಎರಡು ಪದ್ಧತಿಗಳ ನಡುವೆ ನಡೆದ ಅಪರೂಪದ ಸುಖೀ ದಾಂಪತ್ಯಗಳಲ್ಲಿ ಇದೂ ಒಂದು. ಇಂಚು ಇಂದಿಗೂ ಪೂರ್ತಿಯಾಗಿ ತೊಲಗಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಮೆಟ್ರಿಕ್ ಸಾಕೆಟ್ ಸೆಟ್ಟನ್ನು ಕೊಂಡು ತಂದು ಸಾಕೆಟ್ಟಿನ ಹಿಂಬದಿಯ ಚೌಕ ತೂತನ್ನು ಅಳೆದರೆ ಅದು ಕಾಲು ಇಂಚು, ಮೂರೆಂಟಾಂಶ ಇಂಚು ಅಥವಾ ಅರ್ಧ ಇಂಚು ಇರುತ್ತದೆ; ಬಡಗಿಗಳ ಭಾಷೆಯಲ್ಲಿ ಎರಡು ನೂಲು, ಮೂರು ನೂಲು, ನಾಲ್ಕು ನೂಲು. ಮುಂಬಾಗಿಲಲ್ಲಿ ಮಿಲಿಮೀಟರ್, ಹಿತ್ತಿಲಲ್ಲಿ ಇಂಚು. ಇಂಥ ಸಂಸಾರವನ್ನು ಜಗತ್ತು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡು ನಡೆಸುತ್ತಿದೆ.

ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕಿಗಳು ಇರುವುದನ್ನು ಗೃಹಸ್ಥರು ಬಹುಮಟ್ಟಿಗೆ ಗಮನಿಸುವುದಿಲ್ಲ. ಇದು ಅಕ್ಷರಶಃ ಅದರ ತಲೆಬರಹ. 8.8ರಲ್ಲಿ ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಬರುವ 800 ಮೆಗಾಪಾಸ್ಕಲ್ ಎಂಬುದು ಅದನ್ನು ಹಿಡಿದು ಜಗ್ಗಿದಾಗ ತಡೆದುಕೊಳ್ಳುವ ಗರಿಷ್ಠ ಸೆಳೆತ. ಎರಡನೆಯ ಅಂಕಿಯ ಪ್ರಕಾರ ಅದರ ಶೇಕಡ 80ರಷ್ಟು, ಅಂದರೆ 640ರ ಆಸುಪಾಸಿನಲ್ಲಿಯೇ ಅದು ಹಿಗ್ಗಿ ಮತ್ತೆ ಹಿಂದಿನ ಅಳತೆಗೆ ಬಾರದ ಸ್ಥಿತಿಯನ್ನು ಮುಟ್ಟುತ್ತದೆ. ಕಳೆದುಹೋದ ಬೋಲ್ಟಿನ ಬದಲಿಗೆ ಬೀದಿಯ ತಿರುವಿನ ಹಾರ್ಡ್‌ವೇರ್ ಅಂಗಡಿಯಿಂದ ತೂಕದ ಲೆಕ್ಕದಲ್ಲಿ ತಂದ, ತಲೆಯ ಮೇಲೆ ಏನೂ ಬರೆಯದ ಬೋಲ್ಟನ್ನು ನಂಬರ್ ಪ್ಲೇಟಿಗೆ ಹಾಕುವುದರಲ್ಲಿ ದೋಷವಿಲ್ಲ; ಬ್ರೇಕಿಗೂ ಸಸ್ಪೆನ್ಷನ್ನಿಗೂ ಹಾಕಿದರೆ ಆಗ ಓದಬೇಕಾಗಿ ಬರುವುದು ಬೋಲ್ಟಿನದಲ್ಲ, ಗೃಹಸ್ಥನ ತಲೆಬರಹ.

ಮತತ್ರಯ ವಿಚಾರ

ಸಲಕರಣೆಯ ಆಯ್ಕೆಯಲ್ಲಿ ಮೂರು ಮತಗಳು ರೂಢಿಯಲ್ಲಿದ್ದು, ಶೃಂಗೇರಿ, ಮೇಲುಕೋಟೆ, ಉಡುಪಿಗಳ ನಾಡಿನ ಓದುಗರಿಗೆ ಇವು ಅಪರಿಚಿತವೆನಿಸಲಾರವು. ಮೊದಲನೆಯದು ಅಭೇದವಾದ. 10, 12, 14 ಎಂಬ ಭೇದಗಳೆಲ್ಲ ಮಿಥ್ಯೆ, ದವಡೆಯನ್ನು ಹಿಗ್ಗಿಸಿ ಕುಗ್ಗಿಸಬಲ್ಲ ಒಂದೇ ಸ್ಕ್ರೂ ಸ್ಪ್ಯಾನರ್ ಎಲ್ಲ ಬೋಲ್ಟುಗಳಿಗೂ ಸಾಕು ಎಂಬುದು ಇದರ ನಿಲುವು. ಇಂದಿಗೂ ಬಳಕೆಯಲ್ಲಿರುವ ಈ ಸ್ಪ್ಯಾನರಿನ ರೂಪಕ್ಕೆ ಸ್ವೀಡನ್ನಿನ ಯೋಹಾನ್ ಪೆಟ್ಟರ್ ಯೋಹಾನ್ಸನ್ 1892ರಲ್ಲಿ ಪೇಟೆಂಟ್ ಪಡೆದನು. ಪಾರಮಾರ್ಥಿಕವಾಗಿ ಈ ಮತ ಸುಂದರವೇ ಆದರೂ ವ್ಯವಹಾರದಲ್ಲಿ ಅದರ ದವಡೆ ಸದಾ ಕೂದಲೆಳೆಯಷ್ಟು ಸಡಿಲವಾಗಿರುವುದರಿಂದ, ತುಕ್ಕು ಹಿಡಿದ ನಟ್ಟಿನ ಮೇಲೆ ಪ್ರಯೋಗಿಸಿದಾಗ ನಟ್ಟಿನ ಆರೂ ಮೂಲೆಗಳು ಸವೆದು ಅದು ನಿರ್ಗುಣ, ನಿರಾಕಾರ ಸ್ಥಿತಿಯನ್ನು ಹೊಂದುತ್ತದೆ. ಮೆಕ್ಯಾನಿಕರು ಇದನ್ನು ‘ನಟ್ಟು ಸ್ಲಿಪ್ ಆಯ್ತು’ ಎನ್ನುತ್ತಾರೆ. ನಲ್ಲಿ ರಿಪೇರಿಗೆ ಈ ಸಲಕರಣೆಯನ್ನು ಧಾರಾಳವಾಗಿ ಬಳಸಬಹುದು.

ಎರಡನೆಯದು ಭೇದವಾದ. ಬೋಲ್ಟಿಗೂ ಬೋಲ್ಟಿಗೂ ಭೇದ, ಬೋಲ್ಟಿಗೂ ನಟ್ಟಿಗೂ ಭೇದ, ಸ್ಪ್ಯಾನರಿಗೂ ಸ್ಪ್ಯಾನರಿಗೂ ಭೇದ. ಇದು ನಿತ್ಯಸತ್ಯ, ಪ್ರತಿಯೊಂದಕ್ಕೂ ಅದರದೇ ಸ್ಪ್ಯಾನರ್ ಬೇಕು. ಇದರೊಳಗೆ ಮತ್ತೆ ತಾರತಮ್ಯವಿದ್ದು, ಎರಡು ಮುಖವನ್ನಷ್ಟೇ ಹಿಡಿಯುವ ಬಾಯಿಬಿಟ್ಟ ಡಬಲ್ ಎಂಡ್ ಸ್ಪ್ಯಾನರಿಗಿಂತ ಸುತ್ತಲೂ ತಬ್ಬಿಹಿಡಿಯುವ ರಿಂಗ್ ಸ್ಪ್ಯಾನರ್ ಮೇಲು. ಮೂರನೆಯದು ಒಂದೇ ರ‍್ಯಾಚೆಟ್ ಹಿಡಿಗೆ ಹಲವು ಸಾಕೆಟ್ಟುಗಳನ್ನು ಶರೀರದ ರೂಪದಲ್ಲಿ ತೊಡಿಸುವ ಮತ. ಹಿಡಿ ಒಂದೇ, ಸಾಕೆಟ್ಟುಗಳು ಅನೇಕ, ಆದರೆ ಅವು ಹಿಡಿಯನ್ನು ಬಿಟ್ಟು ಇರಲಾರವು. ಇಲ್ಲಿ ಆರು ಮೂಲೆಯ ಸಾಕೆಟ್ಟೋ ಹನ್ನೆರಡು ಮೂಲೆಯದೋ ಎಂಬ ಕವಲು ಹುಟ್ಟುತ್ತದೆ. ಹನ್ನೆರಡು ಮೂಲೆಯದು ಇಕ್ಕಟ್ಟಿನಲ್ಲಿ ಬೇಗ ಕೂರುತ್ತದೆ, ಆರು ಮೂಲೆಯದು ಬೋಲ್ಟಿನ ಮುಖವನ್ನು ಒತ್ತಿಹಿಡಿಯುವುದರಿಂದ ಹಟಮಾರಿ ನಟ್ಟಿನ ಮೂಲೆಯನ್ನು ಉಳಿಸುತ್ತದೆ. ಮನೆಗೆ ಆರು ಮೂಲೆಯದೇ ಸರಿ, ಈ ವಿಷಯದಲ್ಲಿ ಸಮನ್ವಯದ ಮಾತು ಬೇಡ.

ಈ ಮೂರನೆಯ ಮತದ ಅನುಯಾಯಿಗಳನ್ನು ದಾರಿ ತಪ್ಪಿಸುವುದು ಪೆಟ್ಟಿಗೆ. ನೀಲಿ ಅಥವಾ ಹಸಿರು ಪ್ಲಾಸ್ಟಿಕ್ಕಿನ ಪೆಟ್ಟಿಗೆಯ ಮೇಲೆ ‘46 ಪೀಸ್’ ಎಂದೋ, ಇನ್ನೂ ಭಕ್ತಿಯುಳ್ಳವರಿಗಾಗಿ ‘108 ಪೀಸ್’ ಎಂದೋ ಬರೆದಿರುತ್ತದೆ. ಅಷ್ಟೋತ್ತರದ ಮೋಹಕ್ಕೆ ಒಳಗಾಗಿ ಕೊಂಡು ತಂದು ಮನೆಯಲ್ಲಿ ಎಣಿಸಿದಾಗ, ಅದರಲ್ಲಿ ಬಹುಪಾಲು ಕಿರುಬೆರಳ ಉಗುರಿಗಿಂತ ಕೊಂಚ ದೊಡ್ಡದಾದ ಸ್ಕ್ರೂ ಬಿಟ್ಟುಗಳು ಎಂಬುದೂ, ಅವುಗಳಲ್ಲಿ ಅನೇಕಕ್ಕೆ ಹೊಂದುವ ಸ್ಕ್ರೂ ಕಾರಿನಲ್ಲಿ ಎಲ್ಲಿಯೂ ಇಲ್ಲವೆಂಬುದೂ ತಿಳಿಯುತ್ತದೆ. ನಾಮಾವಳಿ ದೀರ್ಘವಾದಷ್ಟೂ ದೇವರು ದೊಡ್ಡವನೆಂಬ ನಿಯಮ ಸಾಕೆಟ್ ಸೆಟ್ಟಿಗೆ ಅನ್ವಯಿಸುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಅಂಗಡಿಗಳಲ್ಲಿ ಪೆಟ್ಟಿಗೆ ಬಿಟ್ಟು ಬಿಡಿಯಾಗಿ, ಕ್ರೋಮ್ ವನೇಡಿಯಂ ಉಕ್ಕಿನದೆಂದು ಮೈಮೇಲೆ ಬರೆದಿರುವ 8, 10, 12, 13, 14, 17, 19ರ ಸಾಕೆಟ್ಟು, ಒಂದು ರ‍್ಯಾಚೆಟ್ಟು, ಒಂದು ಎಕ್ಸ್‌ಟೆನ್ಷನ್ ಕಡ್ಡಿ, ಅಷ್ಟೇ ಅಳತೆಗಳ ರಿಂಗ್ ಸ್ಪ್ಯಾನರುಗಳನ್ನು ಆರಿಸಿಕೊಂಡರೆ ಗೃಹಸ್ಥಾಶ್ರಮವನ್ನು ದಾಟಲು ಸಾಕು. ಸ್ಕ್ರೂ ಡ್ರೈವರಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಜಪಾನೀ ವಾಹನಗಳಲ್ಲಿರುವ ಕೂಡುಗುರುತಿನ ಸ್ಕ್ರೂ ನೋಟಕ್ಕೆ ಫಿಲಿಪ್ಸ್ ಎಂದೇ ಕಂಡರೂ ಅನೇಕ ವೇಳೆ ಜಪಾನೀ ಮಾನಕದ ಬೇರೆಯ ಜಾತಿ, ಮೊನೆ ಹೊಂದದ ಡ್ರೈವರನ್ನು ಒತ್ತಿ ತಿರುಗಿಸಿದರೆ ಅದು ಮೇಲಕ್ಕೆದ್ದು ಜಾರಿ, ಕೂಡುಗುರುತನ್ನು ಸೊನ್ನೆಯನ್ನಾಗಿ ಮಾಡುತ್ತದೆ.

ಅಭಾವ ಪ್ರಕರಣ

ಈ ಶಾಸ್ತ್ರದ ಹೃದಯಭಾಗವೆಂದರೆ 10 ನಂಬರ್ ಸ್ಪ್ಯಾನರಿನ ಇಲ್ಲದಿರುವಿಕೆ. ನ್ಯಾಯ ವೈಶೇಷಿಕ ದರ್ಶನಗಳು ಅಭಾವವನ್ನು, ಅಂದರೆ ಇಲ್ಲದಿರುವುದನ್ನು, ಇರುವ ವಸ್ತುಗಳ ಜೊತೆಗೇ ಒಂದು ಪದಾರ್ಥವೆಂದು ಎಣಿಸಿ ಅದನ್ನು ನಾಲ್ಕಾಗಿ ವಿಂಗಡಿಸಿವೆ. ಶತಮಾನಗಳ ಕಾಲ ಪಂಡಿತರು ಇದಕ್ಕೆ ಮಡಕೆಯ ಉದಾಹರಣೆಯನ್ನೇ ಕೊಡುತ್ತ ಬಂದದ್ದು ಅವರ ಕಾಲದಲ್ಲಿ ಎಂ6 ಬೋಲ್ಟು ಇಲ್ಲದ್ದರಿಂದ ಮಾತ್ರ.

ಪ್ರಾಗಭಾವವೆಂದರೆ ವಸ್ತು ಹುಟ್ಟುವ ಮೊದಲಿನ ಇಲ್ಲದಿರುವಿಕೆ; ಇದಕ್ಕೆ ಆದಿಯಿಲ್ಲ, ಅಂತ್ಯವುಂಟು. ಅಂಗಡಿಯಲ್ಲಿ ದುಡ್ಡು ಕೊಟ್ಟ ಕ್ಷಣಕ್ಕೆ ಇದು ಮುಗಿಯುತ್ತದೆ. ಪ್ರಧ್ವಂಸಾಭಾವವೆಂದರೆ ವಸ್ತು ನಾಶವಾದ ಮೇಲಿನ ಇಲ್ಲದಿರುವಿಕೆ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ಬಾನೆಟ್ಟಿನೊಳಗೆ ಬ್ಯಾಟರಿಯ ಪಕ್ಕದಲ್ಲಿ ಕೈಜಾರಿದ ಸ್ಪ್ಯಾನರ್ ಟಣ್ ಎಂದು ಒಮ್ಮೆ, ಇನ್ನಷ್ಟು ಕೆಳಗೆ ಟಿಣ್ ಎಂದು ಇನ್ನೊಮ್ಮೆ ಸದ್ದು ಮಾಡುತ್ತದೆ. ನೆಲಕ್ಕೆ ಬಿದ್ದ ಮೂರನೆಯ ಸದ್ದಿಗಾಗಿ ಗೃಹಸ್ಥ ಉಸಿರು ಬಿಗಿಹಿಡಿದು ಕಾಯುತ್ತಾನೆ, ಅದು ಬರುವುದೇ ಇಲ್ಲ. ಎಂಜಿನ್ನಿನ ತಳದಲ್ಲಿ ಕೆಸರು ಸಿಡಿಯದಂತೆ ಹಾಕಿರುವ ಪ್ಲಾಸ್ಟಿಕ್ ತಟ್ಟೆ ಎಂಬ ಲೋಕವೊಂದಿದ್ದು ಅಲ್ಲಿಗೆ ಹೋದ ಸ್ಪ್ಯಾನರಿಗೆ ಪುನರಾವೃತ್ತಿಯಿಲ್ಲ. ಆ ತಟ್ಟೆಯನ್ನು ಬಿಚ್ಚಿದರೆ ಸಿಗುತ್ತದೆಯಾದರೂ ತಟ್ಟೆಯನ್ನು ಬಿಗಿದಿರುವ ಬೋಲ್ಟುಗಳು 10 ನಂಬರಿನವೇ ಆಗಿರುವ ಸಂಭವ ಹೆಚ್ಚು. ಅತ್ಯಂತಾಭಾವವೆಂದರೆ ಮೂರು ಕಾಲದಲ್ಲಿಯೂ ಇಲ್ಲದಿರುವುದು. ಪಕ್ಕದ ಮನೆಗೆ ಎರವಲು ಹೋದ ಸ್ಪ್ಯಾನರಿನ ವಾಪಸಾತಿ ಇದಕ್ಕೆ ನಿದರ್ಶನ. ಅನ್ಯೋನ್ಯಾಭಾವವೆಂದರೆ ಒಂದು ಇನ್ನೊಂದಾಗದಿರುವುದು, 11 ಎಂಬುದು 10 ಅಲ್ಲ ಎಂಬಂತೆ. 11ರ ಸ್ಪ್ಯಾನರಿನ ದವಡೆಗೂ ಬೋಲ್ಟಿಗೂ ನಡುವೆ ಸ್ಕ್ರೂ ಡ್ರೈವರಿನ ಮೊನೆಯನ್ನು ತೂರಿಸಿ ಈ ಅಭಾವವನ್ನು ಗೆಲ್ಲಲು ಹೊರಡುವ ಗೃಹಸ್ಥನಿಗೆ ಅದು ಪದಾರ್ಥವೆಂಬುದರ ಪ್ರತ್ಯಕ್ಷ ಅನುಭವ ಗೆಣ್ಣಿನ ಮೂಲಕ ಆಗುತ್ತದೆ.

ಅಭಾವವು ತಿಳಿಯುವುದಾದರೂ ಹೇಗೆಂಬ ಬಗ್ಗೆ ಹಳೆಯ ವಿವಾದವೊಂದಿದೆ. ನೈಯಾಯಿಕರು ಅದನ್ನು ಪ್ರತ್ಯಕ್ಷದಿಂದಲೇ ತಿಳಿಯಬಹುದೆಂದರೆ, ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿ ಎಂಬ, ಅಂದರೆ ಇದ್ದಿದ್ದರೆ ಕಾಣಬೇಕಾದದ್ದು ಕಾಣದಿರುವುದು ಎಂಬ ಬೇರೆಯ ಪ್ರಮಾಣವನ್ನೇ ಒಪ್ಪುತ್ತಾರೆ. ಗೃಹಸ್ಥನ ಮನೆಯಲ್ಲಿ ಇದು ಬಗೆಹರಿಯುವುದು ಬೇರೆ ರೀತಿಯಲ್ಲಿ: ಅವನು ಪೆಟ್ಟಿಗೆಯನ್ನು ನೆಲಕ್ಕೆ ಸುರಿದು ತಡಕಾಡುತ್ತಿರುವಾಗ ಒಳಗಿನಿಂದ ‘ಟಿವಿ ಸ್ಟ್ಯಾಂಡ್ ಮೇಲೇ ಇತ್ತಲ್ಲ, ಮೊನ್ನೆ ನೀವೇ ಇಟ್ರಿ’ ಎಂಬ ಆಪ್ತವಾಕ್ಯ ಕೇಳಿಬರುತ್ತದೆ, ಮತ್ತು ಆಪ್ತವಾಕ್ಯ ಎಂದಿನಂತೆ ನಿಜವಾಗಿರುತ್ತದೆ. ಇಷ್ಟಕ್ಕೂ ಈ ಅಂಕಿಯ ಸ್ಪ್ಯಾನರೇ ಕಾಣೆಯಾಗುವುದರಲ್ಲಿ ಪವಾಡವೇನೂ ಇಲ್ಲ. ಬ್ಯಾಟರಿಯ ಟರ್ಮಿನಲ್ಲು, ಏರ್ ಫಿಲ್ಟರಿನ ಡಬ್ಬಿ, ಮಡ್‌ಗಾರ್ಡು, ಹೆಡ್‌ಲೈಟು, ನಾನಾ ಮುಚ್ಚಳಗಳು, ಎಲ್ಲವನ್ನೂ ಹಿಡಿದಿರುವುದು ಎಂ6 ಬೋಲ್ಟು. ಹೆಚ್ಚು ಸಲ ಕೈಗೆ ಬಂದದ್ದು ಹೆಚ್ಚು ಸಲ ಕೈ ತಪ್ಪುತ್ತದೆ. 10ರದನ್ನು ಮೂರು ಕೊಂಡಿಟ್ಟುಕೊಳ್ಳುವುದೇ ಪರಿಹಾರ. ಇರುವ ಸಲಕರಣೆಗಳೆಲ್ಲ ಒಂದೇ ಕಡೆ ಸೇರಿ ಲೆಕ್ಕಕ್ಕೆ ಸಿಗುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ. ಅಂದು ಸಾಕೆಟ್ಟುಗಳು ಕುಂಕುಮ ಹಚ್ಚಿಕೊಂಡು, ರ‍್ಯಾಚೆಟ್ಟಿನ ಮೇಲೆ ಸೇವಂತಿಗೆ ಇಟ್ಟುಕೊಂಡು, ಕಳೆದುಹೋದವೆಂದು ಬೈಸಿಕೊಂಡ ಮೂರೂ ಸ್ಪ್ಯಾನರುಗಳ ಸಮೇತ ಸಾಲಾಗಿ ಕೂರುತ್ತವೆ, ಆದರೆ ಅಂದು ಅವುಗಳನ್ನು ಮುಟ್ಟಿ ಕೆಲಸ ಮಾಡುವಂತಿಲ್ಲ.

ಬಲದ ಲೆಕ್ಕ

ಬಿಚ್ಚುವುದು ಅಪ್ರದಕ್ಷಿಣೆ, ಬಿಗಿಯುವುದು ಪ್ರದಕ್ಷಿಣೆ ಎಂಬುದು ಉತ್ಸರ್ಗ, ಅಂದರೆ ಸಾಮಾನ್ಯ ನಿಯಮ. ಸೈಕಲ್ಲಿನ ಎಡ ಪೆಡಲ್ಲು ಅದಕ್ಕೆ ಅಪವಾದ. ನಿಯಮ ಇಷ್ಟು ಸರಳವಾಗಿದ್ದರೂ ಕಾರಿನ ಕೆಳಗೆ ಅಂಗಾತ ಮಲಗಿ ತಲೆಯ ಮೇಲಿರುವ ಆಯಿಲ್ ಪ್ಲಗ್ಗನ್ನು ನೋಡುವವನು, ಮೇಲಿನಿಂದ ಊಹಿಸಿಕೊಂಡಿದ್ದ ಎಡಬಲಗಳನ್ನು ಕೆಳಗೂ ಹೊತ್ತುಕೊಂಡು ಹೋಗಿ, ಬಿಚ್ಚುತ್ತಿದ್ದೇನೆಂದು ಭಾವಿಸಿ ಕಾಲು ಗಂಟೆ ಬಿಗಿಯುವುದುಂಟು.

ತಿರುಚುವ ಬಲವನ್ನು ನ್ಯೂಟನ್ ಮೀಟರಿನಲ್ಲಿ ಅಳೆಯುತ್ತಾರೆ; ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಸುಮಾರು 100 ಗ್ರಾಂ ತೂಗುಹಾಕಿದರೆ ಒಂದು ನ್ಯೂಟನ್ ಮೀಟರ್. ಸಾಮಾನ್ಯ ಎಂ6 ಬೋಲ್ಟಿಗೆ ಸುಮಾರು 10, ಅನೇಕ ಚಿಕ್ಕ ಕಾರುಗಳ ಚಕ್ರದ ನಟ್ಟಿಗೆ ಸುಮಾರು 85ರಿಂದ 110 ಸಾಕು. 85 ಬೇಕೆಂದರೆ 25 ಸೆಂಟಿಮೀಟರ್ ಉದ್ದದ ವೀಲ್ ಸ್ಪ್ಯಾನರಿನ ತುದಿಯನ್ನು 35 ಕಿಲೋ ತೂಕದಷ್ಟು ಒತ್ತಿದರಾಯಿತು. ಆದರೆ 70 ಕಿಲೋ ತೂಕದ ಗೃಹಸ್ಥನು ಸುರಕ್ಷತೆಯ ಅತ್ಯಾಸಕ್ತಿಯಿಂದ ಅದೇ ಸ್ಪ್ಯಾನರಿನ ತುದಿಯ ಮೇಲೆ ಹತ್ತಿ ನಿಂತಾಗ ಆ ಲೆಕ್ಕ 170ನ್ನು ದಾಟುತ್ತದೆ, ಅವನು ಕುಣಿದರೆ ಇನ್ನೂ ಮೇಲೇರುತ್ತದೆ. ಮುಂದೆ ಹೆದ್ದಾರಿಯಲ್ಲಿ ಪಂಕ್ಚರ್ ಆದ ದಿನ ಆ ನಟ್ಟು ತನ್ನ ಮೇಲೆ ಕುಣಿದವನನ್ನು ಮರೆಯದೆ ನೆನೆಸಿಕೊಳ್ಳುತ್ತದೆ. ಬಲವನ್ನು ಅಳೆದು ‘ಟಕ್’ ಎಂದು ಸದ್ದು ಮಾಡುವ ಟಾರ್ಕ್ ರೆಂಚು ಎಂಬುದೊಂದಿದೆ. ಕೆಲಸ ಮುಗಿದ ಮೇಲೆ ಅದರ ಅಳತೆಯನ್ನು ಕನಿಷ್ಠ ಗುರುತಿಗೆ ಇಳಿಸಿಡಬೇಕು, ಇಲ್ಲವಾದರೆ ಒಳಗಿನ ಸ್ಪ್ರಿಂಗು ದಣಿದು ಸುಳ್ಳು ಹೇಳಲು ಕಲಿಯುತ್ತದೆ.

ಜಾಕಿಯ ವಿಷಯದಲ್ಲಿ ಪರಿಹಾಸ ಸಲ್ಲದು. ಕಾರಿನೊಂದಿಗೆ ಬರುವ ಕತ್ತರಿ ಜಾಕಿ ಸ್ಟೆಪ್ನಿ ಬದಲಿಸುವುದಕ್ಕಷ್ಟೇ ಹುಟ್ಟಿದ್ದು. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕುವವನಿಗೆ ಈ ಪ್ರಬಂಧದ ಉಳಿದ ಪುಟಗಳಿಂದ ಉಪಯೋಗವಾಗುವ ಖಾತರಿಯಿಲ್ಲ. ಗಟ್ಟಿ ನೆಲ, ಹ್ಯಾಂಡ್ ಬ್ರೇಕು, ನೆಲದ ಮೇಲಿರುವ ಚಕ್ರಗಳಿಗೆ ಒತ್ತುಗಲ್ಲು, ಎತ್ತಿದ ಭಾಗಕ್ಕೆ ಉಕ್ಕಿನ ಸ್ಟ್ಯಾಂಡು, ಇಷ್ಟೂ ಇದ್ದ ಮೇಲೆಯೇ ಚಾಪೆ ಹಾಸಬೇಕು. ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚುವಾಗ ಎಲ್ಲಕ್ಕಿಂತ ಮೊದಲು, ಹಾಕುವಾಗ ಎಲ್ಲಕ್ಕಿಂತ ಕೊನೆಯಲ್ಲಿ ಮುಟ್ಟತಕ್ಕದ್ದು. ಇದಕ್ಕೆ ಶಕುನ ಕಾರಣವಲ್ಲ, ಪ್ಲಸ್ ಬಿಚ್ಚುವ ಸ್ಪ್ಯಾನರ್ ಅಕಸ್ಮಾತ್ ಕಾರಿನ ಮೈಗೆ ತಾಗಿದರೂ ಆಗ ಕಿಡಿ ಹಾರದು.

ಆಯಿಲ್ ಬದಲಿಸುವ ವಿಧಿ ಎಲ್ಲರಿಗೂ ತಿಳಿದಿರುವುದರಿಂದ ಅದರಲ್ಲಿ ತಪ್ಪುವ ಎರಡು ಎಡೆಗಳನ್ನಷ್ಟೇ ಹೇಳಬೇಕಾಗಿದೆ. ಪ್ಲಗ್ಗಿನ ಕೆಳಗಿರುವ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ವಾಷರನ್ನು ಪ್ರತಿ ಸಲವೂ ಹೊಸದಾಗಿ ಹಾಕಬೇಕು, ಏಕೆಂದರೆ ಅದು ಒಮ್ಮೆ ಚಪ್ಪಟೆಯಾಗಿ ಸಂದುಗಳನ್ನು ಮುಚ್ಚುವುದರಲ್ಲಿಯೇ ತನ್ನ ಜನ್ಮವನ್ನು ಸವೆಸುವ ವಸ್ತು. ಹೊಸ ಫಿಲ್ಟರಿನ ರಬ್ಬರ್ ಬಳೆಗೆ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿದರೆ ಸಾಕು. ಮನಸ್ಸಮಾಧಾನಕ್ಕೆಂದು ಇನ್ನೆರಡು ಸುತ್ತು ಬಿಗಿದವನೇ ಮುಂದಿನ ವರ್ಷ ಆ ಫಿಲ್ಟರಿನ ಹೊಟ್ಟೆಗೆ ಸ್ಕ್ರೂ ಡ್ರೈವರ್ ಚುಚ್ಚಿ ತಿರುಗಿಸುವ ರುದ್ರಪ್ರಯೋಗಕ್ಕೆ ಇಳಿಯುತ್ತಾನೆ. 10ಡಬ್ಲ್ಯು-30 ಎಂಬ ಆಯಿಲ್ ಡಬ್ಬಿಯ ಮೇಲಿನ ಡಬ್ಲ್ಯು ಅಕ್ಷರ ಇಂಗ್ಲಿಷಿನ ಚಳಿಗಾಲದ ಹೆಸರಿನ ಮೊದಲಕ್ಷರವಾಗಿದ್ದು, ರಾಯಚೂರಿನ ಗೃಹಸ್ಥರು ಅದನ್ನು ಪುರಾಣಭಾಗವೆಂದು ತಿಳಿದು ಓದಿಕೊಳ್ಳಬಹುದು.

ಸಾಕ್ಷಿ ಮತ್ತು ದೀಪಧಾರಿ

ರಿಪೇರಿಯು ಏಕಾಂತ ಸಾಧನೆಯೆಂಬ ಭ್ರಮೆ ಬೇಡ. ಕರ್ತೃವಿನ ಜೊತೆಗೆ ಅಲ್ಲಿ ಅನಿವಾರ್ಯವಾಗಿ ಇಬ್ಬರಿರುತ್ತಾರೆ. ದೀಪಧಾರಿಯೆಂದರೆ ಮೊಬೈಲ್ ಟಾರ್ಚು ಹಿಡಿದು ನಿಲ್ಲುವ ಮಗಳು ಅಥವಾ ಮಗ. ಬೆಳಕು ಬೇಕಾದಲ್ಲಿ ಬೀಳದಿರುವುದಕ್ಕೆ ನಡುವೆ ಬರುವ ಗೃಹಸ್ಥನ ತಲೆಯೇ ಕಾರಣವೆಂಬುದು ರೇಖಾಗಣಿತದಿಂದ ಸಿದ್ಧವಾಗಿದ್ದರೂ ದೋಷವನ್ನು ದೀಪಧಾರಿಯ ಮೇಲೆ ಹೊರಿಸುವುದು ಎಲ್ಲ ಮನೆಗಳ ಸಂಪ್ರದಾಯ. ‘ಇಲ್ಲಿ ಹಿಡಿ ಅಂದ್ರೆ ಅಲ್ಲಿ ಹಿಡೀತೀಯಲ್ಲ’ ಎಂಬ ಪೂರ್ವಪಕ್ಷಕ್ಕೆ ‘ನೀವು ತೋರ್ಸಿದ್ದೇ ಅಲ್ಲಿ ಅಪ್ಪಾ’ ಎಂಬ ಉತ್ತರಪಕ್ಷವಿದ್ದು, ಈ ವಾದ ಎಂದಿಗೂ ನಿರ್ಣಯವನ್ನು ಮುಟ್ಟಿಲ್ಲ.

ಸಾಕ್ಷಿಯು ಕರ್ಮದಲ್ಲಿ ತೊಡಗದೆ, ಕರ್ಮಫಲವನ್ನೂ ಬಯಸದೆ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿರುವ ನಿವೃತ್ತ ನೆರೆಯವರು. ‘ಏನ್ ಸ್ವಾಮಿ, ಗಾಡಿ ಕೈ ಕೊಡ್ತಾ?’ ಎಂದು ಆರಂಭವಾಗುವ ಅವರ ವಿಚಾರಣೆ, ಕಾರು ಯಾವುದೇ ಇರಲಿ, ಲಕ್ಷಣ ಯಾವುದೇ ಇರಲಿ, ‘ಕಾರ್ಬುರೇಟರಲ್ಲಿ ಕಸ ಕೂತಿರತ್ತೆ ನೋಡಿ’ ಎಂಬ ನಿರ್ಣಯದಲ್ಲಿ ಮುಗಿಯುತ್ತದೆ. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಹೊಸ ಕಾರುಗಳಿಂದ ಕಾರ್ಬುರೇಟರ್ ತೊಲಗಿ ಇಂಜೆಕ್ಷನ್ ವ್ಯವಸ್ಥೆ ಬಂದದ್ದು ಈ ನಿರ್ಣಯವನ್ನು ಕದಲಿಸಿಲ್ಲ. ಇಂದಿನ ತರುಣರು ಡ್ಯಾಶ್‌ಬೋರ್ಡಿನ ಕೆಳಗಿನ ಹದಿನಾರು ತೂತಿನ ಸಾಕೆಟ್ಟಿಗೆ ಪುಟ್ಟ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ದೋಷವನ್ನು ಓದುತ್ತಾರೆ. ಅದರಲ್ಲಿ ಪಿ0300 ಎಂದು ಬಂದರೆ ಒಂದಲ್ಲ ಒಂದು ಸಿಲಿಂಡರಿನಲ್ಲಿ ಉರಿತ ತಪ್ಪುತ್ತಿದೆ, ಯಾವುದೆಂದು ಖಚಿತವಿಲ್ಲ ಎಂದರ್ಥ. ಸಾಕ್ಷಿಯವರ ಹೇಳಿಕೆಗಿಂತ ಇದು ಹೆಚ್ಚು ವೈಜ್ಞಾನಿಕವಾಗಿದೆ.

ಶೇಷ ವಿಚಾರ

ಬಿಚ್ಚಿದ್ದನ್ನೆಲ್ಲ ಮರಳಿ ಜೋಡಿಸಿ, ಬಾನೆಟ್ಟು ಮುಚ್ಚಿ, ಕೈತೊಳೆಯಲು ಹೊರಟಾಗ ನೆಲದ ಮೇಲೆ ಉಳಿದು ಕಾಣುವ ಬೋಲ್ಟಿಗೆ ಶೇಷವೆಂದು ಹೆಸರು. ಅದು ಹೆಚ್ಚುವರಿಯೆಂದೂ, ಕಾರ್ಖಾನೆಯವರು ಮುಂಜಾಗ್ರತೆಗಾಗಿ ಒಂದೆರಡು ಬೋಲ್ಟು ಜಾಸ್ತಿಯೇ ಹಾಕಿರುತ್ತಾರೆಂದೂ ಹೇಳುವ ಔದಾರ್ಯವಾದಿಗಳಿದ್ದಾರೆ; ಒಂದೊಂದು ಬೋಲ್ಟಿಗೂ ಪೈಸೆಯ ಲೆಕ್ಕ ಹಾಕುವ ಕಾರ್ಖಾನೆಗಳಲ್ಲಿ ಇಂಥ ದಾನಶೀಲತೆಯನ್ನು ಊಹಿಸಲು ಆಧಾರವಿಲ್ಲ. ರಟ್ಟಿನ ಮೇಲೆ ಭಾಗದ ಆಕಾರವನ್ನು ಗೀಚಿ, ಯಾವ ಜಾಗದ ಬೋಲ್ಟನ್ನು ಆ ಜಾಗದಲ್ಲಿಯೇ ಚುಚ್ಚಿಟ್ಟುಕೊಳ್ಳುವ ಮೆಕ್ಯಾನಿಕರ ಹಳೆಯ ಉಪಾಯವನ್ನು ಪಾಲಿಸಿದವನಿಗೆ ಶೇಷ ಉಳಿಯುವುದಿಲ್ಲ. ಪಾಲಿಸದವನು ಅದನ್ನು ಹಳೆಯ ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಾನೆ. ಬಾಟಲಿ ತುಂಬುತ್ತ ಹೋದಂತೆ ಕಾರು ಹಗುರಾಗುತ್ತ ಹೋಗುತ್ತದೆ, ಮತ್ತು ಒಂದು ಸೋಮವಾರ ಬೆಳಿಗ್ಗೆ ಮೆಕ್ಯಾನಿಕನಿಗೆ ಫೋನು ಹೋಗುತ್ತದೆ.

ಬಂದವನು ಬಾನೆಟ್ಟಿನೊಳಗೆ ಒಮ್ಮೆ ಇಣುಕಿ, ಮೂಲೆ ಸವೆದ ನಟ್ಟಿನ ಮೇಲೆ ಹೆಬ್ಬೆರಳನ್ನಾಡಿಸಿ, ‘ಯಾರ್ ಸಾರ್ ಇದಕ್ಕೆ ಕೈ ಹಾಕಿದ್ದು?’ ಎಂದು ಕೇಳುತ್ತಾನೆ. ‘ಮೊದ್ಲಿಂದ್ಲೂ ಹಂಗೇ ಇತ್ತು’ ಎಂಬುದು ವಿಹಿತವಾದ ಉತ್ತರ. ಮೆಕ್ಯಾನಿಕನು ಅದನ್ನು ನಂಬುವುದೂ ಇಲ್ಲ, ನಿರಾಕರಿಸುವುದೂ ಇಲ್ಲ, ಬಿಲ್ಲಿನಲ್ಲಿ ಸೇರಿಸಿಕೊಳ್ಳುತ್ತಾನೆ. ಬಳಿಕ ಅವನು ಕೊಂಚ ಚಿಕ್ಕ ಅಳತೆಯ ಸಾಕೆಟ್ಟೊಂದನ್ನು ಆ ನಟ್ಟಿನ ಮೇಲೆ ಸುತ್ತಿಗೆಯಿಂದ ಹೊಡೆದು ಕೂರಿಸಿ, ಒಂದೇ ಎಳೆತಕ್ಕೆ ಬಿಡಿಸಿ, ಅದರ ಹಿಂದೆ ಕೈಯೇ ಹೋಗದ ಸಂದಿನಲ್ಲಿ ಗೃಹಸ್ಥನ 108ರಲ್ಲಿ ಒಂದೂ ಮುಟ್ಟಲಾರದೆ ಹೋಗಿದ್ದ ಬೋಲ್ಟಿನ ಕಡೆಗೆ ತಿರುಗುತ್ತಾನೆ. ಅದಕ್ಕಾಗಿ ಅವನು ಗೋಣಿಚೀಲದಿಂದ ಹೊರತೆಗೆಯುವುದು, ನಡುವೆ ಕತ್ತರಿಸಿ, ಕಾಯಿಸಿ ಬಗ್ಗಿಸಿ, ಹಿಂದೆ ಕಬ್ಬಿಣದ ಸರಳಿನ ತುಂಡನ್ನು ಬೆಸೆದ 14ರ ರಿಂಗ್ ಸ್ಪ್ಯಾನರ್. ಬೋಲ್ಟು ಎರಡು ನಿಮಿಷದಲ್ಲಿ ಕೈಗೆ ಬರುತ್ತದೆ. ಗೃಹಸ್ಥನು ಬೋಲ್ಟನ್ನು ನೋಡದೆ ಸ್ಪ್ಯಾನರನ್ನೇ ದಿಟ್ಟಿಸುತ್ತ ‘ಇದೆಲ್ಲಿ ಸಿಗತ್ತೆ? ಜೆ.ಸಿ. ರೋಡಲ್ಲಾ?’ ಎಂದು ಕೇಳುತ್ತಾನೆ. ‘ಇದೆಲ್ಲೂ ಸಿಗಲ್ಲ ಸಾರ್, ಪಾನಾ ಕಟ್ ಮಾಡಿ ನಾನೇ ವೆಲ್ಡ್ ಮಾಡ್ಸಿದ್ದು’ ಎಂದು ಮೆಕ್ಯಾನಿಕನು ಅದನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಅಂಗಡಿಯಲ್ಲಿ ಮಾರಾಟಕ್ಕಿಲ್ಲದ ಸಲಕರಣೆಯ ವಿವೇಚನೆ ಈ ಪ್ರಬಂಧದ ವ್ಯಾಪ್ತಿಗೆ ಒಳಪಡುವುದಿಲ್ಲ.